ಕೋಳಿ ಕೂಗಿದ್ದಕ್ಕೇ ಬೆಳಗಾಯ್ತಾ? ಸ್ಟಾರ್ ಬಾಸ್ ಇರುವ ಕಂಪನಿ, ಸದ್ದಿಲ್ಲದ ಬಾಸ್ ಇರುವ ಕಂಪನಿ: ಯಾವುದನ್ನು ಆರಿಸಬೇಕು?

2024ರ ಆಗಸ್ಟ್ 13ರಂದು ಸ್ಟಾರ್‌ಬಕ್ಸ್ ಕಂಪನಿ ಒಂದು ಸುದ್ದಿ ಹೊರಬಿಟ್ಟಿತು. ಹೊಸ ಸಿಇಒ ಬರುತ್ತಿದ್ದಾರೆ, ಹೆಸರು ಬ್ರಯನ್ ನಿಕೋಲ್, ಸದ್ಯಕ್ಕೆ ಚಿಪೋಟ್ಲೆ ಅನ್ನುವ ಹೋಟೆಲ್ ಸರಣಿಯ ಮುಖ್ಯಸ್ಥರು. ಅಷ್ಟೇ. ಅಂದು ಒಂದು ಲೋಟ ಕಾಫಿಯೂ ಜಾಸ್ತಿ ಮಾರಾಟವಾಗಿರಲಿಲ್ಲ. ಒಂದು ಅಂಗಡಿಯೂ ಬದಲಾಗಿರಲಿಲ್ಲ. ಆದರೂ ಸಂಜೆಯ ಹೊತ್ತಿಗೆ ಷೇರು ಶೇ 24ರಷ್ಟು ಏರಿತ್ತು. ಕಂಪನಿಯ ಮಾರುಕಟ್ಟೆ ಮೌಲ್ಯಕ್ಕೆ, ಅಂದರೆ ಎಲ್ಲ ಷೇರುಗಳ ಒಟ್ಟು ಬೆಲೆಗೆ, ಸುಮಾರು 2,000 ಕೋಟಿ ಡಾಲರ್ ಸೇರಿತ್ತು. ಅದೇ ದಿನ ಚಿಪೋಟ್ಲೆ ಷೇರು ಶೇ 7ರಷ್ಟು ಬಿತ್ತು. ಒಬ್ಬ ಮನುಷ್ಯ ಈ ಕುರ್ಚಿಯಿಂದ ಎದ್ದು ಆ ಕುರ್ಚಿಯಲ್ಲಿ ಕೂರುತ್ತೇನೆ ಅಂದಿದ್ದಕ್ಕೆ ಇಷ್ಟೆಲ್ಲ. ಕೂತದ್ದು ಮುಂದಿನ ತಿಂಗಳು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು, ಅಲ್ವಾ? ಆದರೆ ಆ ಕುಲಾವಿಗೆ ದುಡ್ಡು ಕೊಟ್ಟವರು ಯಾರು ಅಂತ ಯೋಚಿಸಿ. ಹಿಂದಿನ ದಿನವೇ ಷೇರು ಇಟ್ಟುಕೊಂಡಿದ್ದವರಿಗೆ ಅದು ಪುಕ್ಕಟೆ ಸಿಕ್ಕಿತು. ಸುದ್ದಿ ಓದಿ ಮಾರನೇ ದಿನ ಕೊಂಡವರು, ಹೊಸ ಬಾಸ್ ಮುಂದೆಂದೋ ಮಾಡಬಹುದಾದ ಒಳ್ಳೆಯ ಕೆಲಸಕ್ಕೆ ಅವತ್ತೇ ಬೆಲೆ ತೆತ್ತರು.

ನಾನು ಹೂಡಿಕೆ ಸಲಹೆಗಾರನಲ್ಲ. ಕಂಪನಿಗಳ ವಾರ್ಷಿಕ ವರದಿ ಓದುವ ಚಟ ಇದೆ, ಅಷ್ಟೇ. ಓದುತ್ತಾ ಓದುತ್ತಾ ಗೊತ್ತಾಗಿದ್ದು ಇದು: ಖ್ಯಾತ ಬಾಸ್ ಕಂಪನಿಗೆ ಮೌಲ್ಯ ತರುತ್ತಾರಾ ಅನ್ನುವುದು ಒಂದು ಪ್ರಶ್ನೆ. ತಂದರೂ ಅದರಲ್ಲಿ ನಿಮ್ಮ ಪಾಲಿಗೆ ಏನು ಉಳಿಯುತ್ತದೆ ಅನ್ನುವುದು ಬೇರೆಯದೇ ಪ್ರಶ್ನೆ. ನಾವು ಎರಡನ್ನೂ ಕಲಸಿಬಿಡುತ್ತೇವೆ. ಕೈಯಲ್ಲಿರುವ ಹಣವನ್ನು ಯಾವ ಕಂಪನಿಯಲ್ಲಿ ಹಾಕಬೇಕು ಅಂತ ನೋಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎರಡು ಕಡೆ ಕೆಲಸ ಸಿಕ್ಕಿ ಯಾವುದಕ್ಕೆ ಹೂಂ ಅನ್ನಲಿ ಅಂತ ಗೊಂದಲದಲ್ಲಿರುವವರಿಗೂ ಕೊನೆಯಲ್ಲಿ ಒಂದೆರಡು ಮಾತಿದೆ.

ಬಾಸ್ ಮುಖ್ಯವೇ. ಹೆಸರಿನ ಲೆಕ್ಕ ಬೇರೆ

ಬಾಸ್ ಯಾರಾದರೇನು, ಕಂಪನಿ ತನ್ನ ಪಾಡಿಗೆ ನಡೆಯುತ್ತೆ ಅನ್ನುವವರಿದ್ದಾರೆ. ಅದು ಸರಿಯಲ್ಲ. ಡೆನ್ಮಾರ್ಕ್‌ನ ಸಾವಿರಾರು ಕಂಪನಿಗಳ ಲೆಕ್ಕ ತೆಗೆದು ನೋಡಿದ ಒಂದು ಅಧ್ಯಯನವಿದೆ. ಸಿಇಒ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ ಆ ಕಂಪನಿಗಳ ಲಾಭ ಇಳಿದಿತ್ತು. ಬೇರೆ ಹಿರಿಯ ಅಧಿಕಾರಿಗಳು ಆಸ್ಪತ್ರೆ ಸೇರಿದಾಗ ಅಂಥ ಇಳಿತ ಕಾಣಲಿಲ್ಲ. ಅಂದರೆ ಆ ಕುರ್ಚಿಯಲ್ಲಿ ಕೂತವರು ನಿಜಕ್ಕೂ ಏನೋ ಮಾಡುತ್ತಿರುತ್ತಾರೆ. ಗಮನಿಸಿ, ಅವರಲ್ಲಿ ಹೆಚ್ಚಿನವರ ಹೆಸರು ಪಕ್ಕದ ಊರಿಗೂ ಗೊತ್ತಿರಲಾರದು.

ಇನ್ನು ಹೆಸರಿನ ವಿಷಯ. ಉಲ್ರಿಕೆ ಮಾಲ್ಮೆಂಡಿಯರ್ ಮತ್ತು ಜೆಫ್ರಿ ಟೇಟ್ ಅನ್ನುವ ಅರ್ಥಶಾಸ್ತ್ರಜ್ಞರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪತ್ರಿಕೆಗಳು 'ವರ್ಷದ ಸಿಇಒ' ಅಂತ ಪ್ರಶಸ್ತಿ ಕೊಡುತ್ತವಲ್ಲ, ಅದನ್ನು ಗೆದ್ದವರನ್ನು ಅವರು ಹಿಂಬಾಲಿಸಿದರು. ಎಲ್ಲ ರೀತಿಯಲ್ಲೂ ಅವರ ಹಾಗೇ ಇದ್ದು, ಪ್ರಶಸ್ತಿ ಮಾತ್ರ ಸಿಗದವರ ಜೊತೆ ಹೋಲಿಸಿದರು. ಪ್ರಶಸ್ತಿ ಬಂದ ಮೇಲೆ ಗೆದ್ದವರ ಕಂಪನಿಗಳು ಹಿಂದೆ ಬಿದ್ದವು. ಸಂಬಳ ಮಾತ್ರ ಏರಿತು. ಪುಸ್ತಕ ಬರೆಯುವುದು, ಬೇರೆ ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಕೂರುವುದು ಜಾಸ್ತಿಯಾಯಿತು. ಲಾಭದ ಅಂಕಿಗಳನ್ನು ಚಂದ ಕಾಣುವಂತೆ ತಿದ್ದುವುದೂ ಜಾಸ್ತಿಯಾಯಿತು.

ಆ ಅಧ್ಯಯನದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಬೇರೆಯೇ. ಬಾಸ್‌ಗೆ ಲಗಾಮು ಹಾಕುವವರು ಇಲ್ಲದ ಕಂಪನಿಗಳಲ್ಲೇ ಈ ಕುಸಿತ ಎದ್ದು ಕಂಡಿತು. ಹಾಗಾಗಿ ತಪ್ಪು ಬರೀ ಹೆಸರಿನದ್ದು ಅನ್ನಲಾಗದು. ಹೆಸರು ಬಂದವರನ್ನು 'ಯಾಕೆ?' ಅಂತ ಕೇಳುವವರು ಒಳಗೆ ಉಳಿದಿದ್ದಾರಾ, ಅದನ್ನು ನೋಡಬೇಕು.

ಹೊರಗಿಂದ ಕರೆತಂದ ಸ್ಟಾರ್

ನಾನು ಅತಿ ಹೆಚ್ಚು ಹುಷಾರಾಗಿರುವುದು ಈ ಬಗೆಯ ಬಗ್ಗೆ. ಕಂಪನಿ ಸೊರಗಿದೆ. ಮಂಡಳಿಗೆ ಗಾಬರಿ. ಬೇರೆ ಕಡೆ ಹೆಸರು ಮಾಡಿದ ಒಬ್ಬರನ್ನು ದೊಡ್ಡ ಮೊತ್ತ ಕೊಟ್ಟು ಕರೆತರುತ್ತಾರೆ. ಷೇರು ಜಿಗಿಯುತ್ತದೆ. ಮುಂದೆ?

ಆಪಲ್ ಅಂಗಡಿಗಳನ್ನು ಕಟ್ಟಿದವರು ರಾನ್ ಜಾನ್ಸನ್. 2011ರ ಜೂನ್‌ನಲ್ಲಿ ಜೆ.ಸಿ. ಪೆನ್ನಿ ಅನ್ನುವ ಹಳೆಯ ಬಟ್ಟೆಬರೆ ಅಂಗಡಿಗಳ ಕಂಪನಿ ಅವರನ್ನು ಕರೆಯಿತು. ಸುದ್ದಿ ಬಂದ ದಿನ ಷೇರು ಶೇ 17ರಷ್ಟು ಏರಿತು. ಜಾನ್ಸನ್ ಬಂದವರೇ 2012ರ ಆರಂಭದಲ್ಲಿ ಕೂಪನ್ ತೆಗೆದರು, ರಿಯಾಯಿತಿ ಮಾರಾಟ ನಿಲ್ಲಿಸಿದರು. ದಿನವೂ ಒಂದೇ ನ್ಯಾಯವಾದ ಬೆಲೆ ಅಂದರು. ಕೇಳುವುದಕ್ಕೆ ಚೆನ್ನಾಗಿಯೇ ಇದೆ. ಆದರೆ ಆ ಅಂಗಡಿಯ ಗಿರಾಕಿಗಳು ಎಂಥವರು ನೋಡಿ. ಪತ್ರಿಕೆಯಿಂದ ಕೂಪನ್ ಕತ್ತರಿಸಿ, ಪರ್ಸಿನಲ್ಲಿ ಜೋಪಾನವಾಗಿಟ್ಟುಕೊಂಡು ಬರುತ್ತಿದ್ದವರು. 40 ಡಾಲರ್ ಅಂತ ಬರೆದ ಅಂಗಿಯನ್ನು 20ಕ್ಕೆ ತಂದೆ ಅಂತ ಮನೆಯಲ್ಲಿ ಹೇಳಿಕೊಳ್ಳುವುದರಲ್ಲೇ ಅವರಿಗೆ ಅರ್ಧ ಖುಷಿ. ಅದೇ ಅಂಗಿಗೆ ಸುಮ್ನೆ 20 ಅಂತ ಚೀಟಿ ಅಂಟಿಸಿದರೆ ಆ ಖುಷಿ ಎಲ್ಲಿ? ಐಫೋನ್ ಕೊಳ್ಳುವವರು ಚೌಕಾಸಿ ಮಾಡುವುದಿಲ್ಲ ನಿಜ. ಆದರೆ ಐಫೋನ್ ಇನ್ನೊಂದು ಕಂಪನಿಯ ಹತ್ತಿರ ಸಿಗುವುದಿಲ್ಲ. ಅಂಗಿ ಎಲ್ಲ ಕಡೆ ಸಿಗುತ್ತದೆ.

ಮೊದಲು ನಾಲ್ಕಾರು ಅಂಗಡಿಗಳಲ್ಲಿ ಮಾಡಿ ನೋಡಬಹುದಿತ್ತು. ನೋಡಲಿಲ್ಲ. ಒಂದೇ ವರ್ಷದಲ್ಲಿ ಮಾರಾಟ ಸುಮಾರು 1,730 ಕೋಟಿ ಡಾಲರ್‌ನಿಂದ 1,300 ಕೋಟಿಗೆ ಇಳಿಯಿತು. ನಷ್ಟ 98.5 ಕೋಟಿ ಡಾಲರ್. 2013ರ ಏಪ್ರಿಲ್‌ನಲ್ಲಿ ಜಾನ್ಸನ್ ಹೊರಗೆ ಹೋದರು. ಅವರ ಜಾಗಕ್ಕೆ ಮಂಡಳಿ ಕರೆತಂದಿದ್ದು ಯಾರನ್ನು ಗೊತ್ತಾ? ಜಾನ್ಸನ್‌ಗಿಂತ ಮುಂಚೆ ಅಲ್ಲೇ ಇದ್ದ, ಸದ್ದು ಮಾಡದ ಮೈರನ್ ಉಲ್ಮನ್ ಅವರನ್ನು.

ಜಾನ್ಸನ್ ಸಾಚಾ ಮನುಷ್ಯ, ಲೆಕ್ಕ ತಪ್ಪಿತು ಅಷ್ಟೇ. ಆಲ್ ಡನ್‌ಲ್ಯಾಪ್ ವಿಷಯ ಹಾಗಲ್ಲ. ಹೋದ ಕಡೆಯಲ್ಲೆಲ್ಲ ಸಾವಿರಾರು ಜನರನ್ನು ಕೆಲಸದಿಂದ ತೆಗೆದು 'ಚೈನ್‌ಸಾ ಆಲ್' ಅಂತ ಅಡ್ಡಹೆಸರು ಪಡೆದಿದ್ದವರು. 1996ರ ಜುಲೈನಲ್ಲಿ ಮನೆಬಳಕೆ ಸಾಮಾನು ಮಾಡುವ ಸನ್‌ಬೀಮ್ ಕಂಪನಿಗೆ ಬರುತ್ತಾರೆ ಅಂದಾಗ ಷೇರು ಒಂದೇ ದಿನಕ್ಕೆ ಹತ್ತಿರ ಹತ್ತಿರ ಶೇ 50 ಏರಿತು. ಆ ಎತ್ತರಕ್ಕೆ ತಕ್ಕ ಲಾಭ ತೋರಿಸಬೇಕಲ್ಲ. ಬೇಸಿಗೆಯಲ್ಲಿ ಹಿತ್ತಲಲ್ಲಿಟ್ಟು ಅಡುಗೆ ಮಾಡುವ ಗ್ರಿಲ್‌ಗಳನ್ನು ಚಳಿಗಾಲದಲ್ಲೇ ಅಂಗಡಿಯವರಿಗೆ ಮಾರಿದಂತೆ ಬರೆದುಕೊಂಡರು. ಮಾಲು ಗೋದಾಮಿನಲ್ಲೇ ಕೂತಿತ್ತು, ಲಾಭ ಮಾತ್ರ ಪುಸ್ತಕಕ್ಕೆ ಬಂತು. 1997ರಲ್ಲಿ ತೋರಿಸಿದ 18.9 ಕೋಟಿ ಡಾಲರ್ ಆದಾಯದಲ್ಲಿ ಕನಿಷ್ಠ 6.2 ಕೋಟಿ ಅಕ್ರಮ ಲೆಕ್ಕ ಅಂತ ಅಮೆರಿಕದ ಷೇರುಪೇಟೆ ನಿಯಂತ್ರಕರು ಆಮೇಲೆ ಆರೋಪಿಸಿದರು. 1998ರ ಜೂನ್‌ನಲ್ಲಿ ಡನ್‌ಲ್ಯಾಪ್‌ರನ್ನು ತೆಗೆದರು. 2001ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಹೆಸರು ಕ್ಷೀರಸಾಗರ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ ಅಂತಾರಲ್ಲ, ಹಾಗೆ.

ಹೊರಗಿಂದ ಬಂದವರೆಲ್ಲ ಹೀಗೇ ಅಂತಲ್ಲ. ಅಲನ್ ಮುಲಾಲಿ 2006ರಲ್ಲಿ ವಿಮಾನ ತಯಾರಿಸುವ ಬೋಯಿಂಗ್ ಬಿಟ್ಟು ಫೋರ್ಡ್‌ಗೆ ಬಂದರು. ಕಾರಿನ ಉದ್ಯಮಕ್ಕೆ ಹೊಸಬರು. ಆ ವರ್ಷ ಫೋರ್ಡ್ ನಷ್ಟ 1,200 ಕೋಟಿ ಡಾಲರ್‌ಗೂ ಜಾಸ್ತಿ. ಪ್ರತಿ ಗುರುವಾರ ಹಿರಿಯ ಅಧಿಕಾರಿಗಳ ಸಭೆ. ಪ್ರತಿಯೊಬ್ಬರೂ ತಮ್ಮ ಕೆಲಸದ ಪಟ್ಟಿಗೆ ಬಣ್ಣ ಹಾಕಿ ತರಬೇಕು. ಸರಿಯಿದ್ದರೆ ಹಸಿರು, ಅನುಮಾನ ಇದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ವಾರಗಟ್ಟಲೆ ಎಲ್ಲರದ್ದೂ ಹಸಿರೋ ಹಸಿರು. ಇಷ್ಟೊಂದು ಹಣ ಕಳೆದುಕೊಳ್ಳುತ್ತಿದ್ದೇವೆ, ಏನೂ ಕೆಟ್ಟಿಲ್ಲವಾ ಅಂತ ಮುಲಾಲಿ ಕೇಳಿದರು. ಕೊನೆಗೆ ಮಾರ್ಕ್ ಫೀಲ್ಡ್ಸ್ ಅನ್ನುವವರು ಒಂದು ಹೊಸ ಕಾರಿನ ಹಿಂಬಾಗಿಲ ತೊಂದರೆ ತೋರಿಸಿ ಕೆಂಪು ಹಾಕಿ ತಂದರು. ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ಇವರ ಕೆಲಸ ಹೋಯಿತು ಅಂತಲೇ ಎಲ್ಲರೂ ಅಂದುಕೊಂಡರು. ಮುಲಾಲಿ ಚಪ್ಪಾಳೆ ತಟ್ಟಿದರು. ಇದಕ್ಕೆ ಯಾರು ಸಹಾಯ ಮಾಡಬಲ್ಲಿರಿ ಅಂತ ಕೇಳಿದರು. ಒಂದೆರಡು ವಾರದಲ್ಲಿ ಪಟ್ಟಿಗಳು ಬಣ್ಣಬಣ್ಣ ಆದವು. 2009ರಲ್ಲಿ ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್ ಎರಡೂ ದಿವಾಳಿಯಾದವು, ಫೋರ್ಡ್ ಆಗಲಿಲ್ಲ. 2006ರ ಕೊನೆಯಲ್ಲೇ 2,360 ಕೋಟಿ ಡಾಲರ್ ಸಾಲ ಎತ್ತಿ ಇಟ್ಟುಕೊಂಡಿದ್ದು ಕೈಹಿಡಿಯಿತು. 2014ರಲ್ಲಿ ಮುಲಾಲಿ ಹೋದಾಗ ಅವರ ಕುರ್ಚಿಯಲ್ಲಿ ಕೂತಿದ್ದು ಅದೇ ಕೆಂಪು ಪಟ್ಟಿಯ ಫೀಲ್ಡ್ಸ್.

ಜಾನ್ಸನ್, ಮುಲಾಲಿ ಇಬ್ಬರೂ ಹೊರಗಿನವರೇ. ಒಬ್ಬರು ಹಿಂದಿನ ಕಡೆ ಗೆದ್ದ ಉತ್ತರವನ್ನೇ ಹೊತ್ತು ತಂದರು. ಇನ್ನೊಬ್ಬರು ಒಳಗಿನವರ ಬಾಯಿಂದ ಪ್ರಶ್ನೆ ಹೊರಡಿಸಿದರು. ಹೊಸ ಬಾಸ್ ಬಂದ ಮೊದಲ ಆರು ತಿಂಗಳ ಸಂದರ್ಶನಗಳನ್ನು ಓದಿದರೆ ಇವರು ಯಾವ ಬಗೆಯವರು ಅಂತ ಅಂದಾಜು ಸಿಗುತ್ತದೆ.

ಹುಟ್ಟುಹಾಕಿದವರೇ ಸ್ಟಾರ್ ಆದರೆ

ಇಲ್ಲಿ ಹೆಸರಿಗೆ ನಿಜವಾದ ಬೆಲೆ ಇದೆ, ನಾನು ಒಪ್ಪುತ್ತೇನೆ. ಟೆಸ್ಲಾ ವರ್ಷಗಟ್ಟಲೆ ಜಾಹೀರಾತಿಗೆ ಹೆಚ್ಚು ಕಡಿಮೆ ಏನೂ ಖರ್ಚು ಮಾಡಲಿಲ್ಲ. ಬೇರೆ ಕಾರು ಕಂಪನಿಗಳು ಅದಕ್ಕೇ ರಾಶಿ ದುಡ್ಡು ಸುರಿಯುತ್ತವೆ. ಇಲಾನ್ ಮಸ್ಕ್ ಬಾಯಿ ತೆರೆದರೆ ಸುದ್ದಿ, ಸುದ್ದಿಯೇ ಜಾಹೀರಾತು. ಹೊಸ ಷೇರು ಮಾರಿ ಬಂಡವಾಳ ಎತ್ತುವಾಗಲೂ ಆ ಹೆಸರು ದುಡಿಯಿತು. (ಮಸ್ಕ್ ಟೆಸ್ಲಾದ ಮೊದಲ ದಿನದವರಲ್ಲ, 2004ರಲ್ಲಿ ಹಣ ಹಾಕಿ ಸೇರಿದವರು. ಆದರೂ ಜನರ ಕಣ್ಣಿಗೆ ಕಂಪನಿ ಅಂದರೆ ಅವರೇ.)

ಅದೇ ಬಾಯಿ ಖರ್ಚನ್ನೂ ತರುತ್ತದೆ. 2018ರ ಆಗಸ್ಟ್‌ನಲ್ಲಿ ಟೆಸ್ಲಾವನ್ನು ಷೇರುಪೇಟೆಯಿಂದ ಹೊರತರುತ್ತೇನೆ, ಹಣ ಸಿದ್ಧವಿದೆ ಅಂತ ಒಂದು ಟ್ವೀಟ್ ಹಾಕಿದರು. ನಿಯಂತ್ರಕರ ಜೊತೆ ರಾಜಿಯಾಗುವಾಗ ಅವರು 2 ಕೋಟಿ ಡಾಲರ್, ಕಂಪನಿ ಇನ್ನೊಂದು 2 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು. ಅಧ್ಯಕ್ಷ ಸ್ಥಾನವನ್ನೂ ಬಿಟ್ಟರು. 2025ರ ಮೊದಲ ಮೂರು ತಿಂಗಳಲ್ಲಿ, ಅವರು ರಾಜಕೀಯದಲ್ಲಿ ಮುಳುಗಿದ್ದಾಗ, ಟೆಸ್ಲಾ ಕಾರುಗಳ ವಿತರಣೆ ಹಿಂದಿನ ವರ್ಷಕ್ಕಿಂತ ಶೇ 13ರಷ್ಟು ಇಳಿಯಿತು. ಪೂರ್ತಿ ತಪ್ಪು ಅವರ ಮೇಲೆ ಹೊರಿಸುವುದೂ ಸರಿಯಲ್ಲ. ಆಗ ಕಾರ್ಖಾನೆಗಳಲ್ಲಿ ಮಾಡೆಲ್ ವೈ ಕಾರಿನ ಹೊಸ ರೂಪಕ್ಕೆ ಬದಲಾವಣೆ ನಡೆಯುತ್ತಿತ್ತು.

ಒಬ್ಬರ ಮುಖದ ಮೇಲೆ ನಿಂತ ಕಂಪನಿಗೆ ಏನಾಗಬಹುದು ಅನ್ನುವುದಕ್ಕೆ ಅಡುಗೆ, ಮನೆ ಅಲಂಕಾರದ ಸಲಹೆಗಳಿಂದ ಅಮೆರಿಕದಲ್ಲಿ ಮನೆಮಾತಾದ ಮಾರ್ಥಾ ಸ್ಟೀವರ್ಟ್ ಉದಾಹರಣೆ ಸಾಕು. ಕಂಪನಿಯ ಹೆಸರಲ್ಲೂ ಅವರೇ, ಪತ್ರಿಕೆಯ ಮುಖಪುಟದಲ್ಲೂ ಅವರೇ. ಬೇರೆ ಯಾವುದೋ ಕಂಪನಿಯ ಷೇರು ಮಾರಿ ಸುಮಾರು 45 ಸಾವಿರ ಡಾಲರ್ ನಷ್ಟ ತಪ್ಪಿಸಿಕೊಂಡ ಪ್ರಕರಣದಲ್ಲಿ ತನಿಖೆಯವರಿಗೆ ಸುಳ್ಳು ಹೇಳಿದ್ದಕ್ಕೆ 2004ರ ಮಾರ್ಚ್‌ನಲ್ಲಿ ಅವರು ತಪ್ಪಿತಸ್ಥೆ ಅಂತ ತೀರ್ಪಾಯಿತು. ಅವತ್ತೇ ಅವರ ಸ್ವಂತ ಕಂಪನಿಯ ಷೇರು ಶೇ 20ಕ್ಕೂ ಜಾಸ್ತಿ ಕುಸಿಯಿತು. ಷೇರುದಾರರು ಮಾಡಿದ ತಪ್ಪೇನು? ಏನೂ ಇಲ್ಲ.

ಇಂಥ ಕಂಪನಿಯಲ್ಲಿ ಹಣ ಹಾಕುವುದಾದರೆ ಹಾಕಿ. ಆದರೆ ಕೈಯಲ್ಲಿರುವುದರಲ್ಲಿ ಚಿಕ್ಕ ಪಾಲನ್ನು ಮಾತ್ರ.

ಹೆಸರೇ ಅಡಮಾನ ಆದಾಗ

ಒಂದು ಸಂದರ್ಭದಲ್ಲಿ ಮಾತ್ರ ಖ್ಯಾತಿಯೇ ಬೇಕು. ಕಂಪನಿ ಮುಳುಗುತ್ತಿದೆ, ಯಾರೂ ನಂಬುತ್ತಿಲ್ಲ, ನಂಬಿಕೆಯನ್ನೇ ಸಾಲವಾಗಿ ತರಬೇಕು. ಲೀ ಅಯಕೋಕ 1978ರಲ್ಲಿ ಫೋರ್ಡ್‌ನಿಂದ ಹೊರಬಿದ್ದು ಕ್ರೈಸ್ಲರ್ ಸೇರಿದರು. ಅಮೆರಿಕ ಸರ್ಕಾರದಿಂದ 150 ಕೋಟಿ ಡಾಲರ್ ಸಾಲಕ್ಕೆ ಖಾತರಿ ಪಡೆದರು. ತಾವು ವರ್ಷಕ್ಕೆ 1 ಡಾಲರ್ ಸಂಬಳ ತೆಗೆದುಕೊಂಡರು. ಟಿವಿ ಜಾಹೀರಾತಿನಲ್ಲಿ ಖುದ್ದು ನಿಂತು ಕಾರು ಮಾರಿದರು. ಸಾಲ 1983ರಲ್ಲಿ, ಗಡುವಿಗೆ ಏಳು ವರ್ಷ ಮೊದಲೇ ತೀರಿತು. ಅನಾಮಧೇಯ ವ್ಯಕ್ತಿಗೆ ಇದು ಆಗುತ್ತಿರಲಿಲ್ಲ ಅಂತಲೇ ನನ್ನ ಅನಿಸಿಕೆ. ಆಮೇಲೆ ಆತ್ಮಕತೆ ಬಂತು, ಲಕ್ಷಗಟ್ಟಲೆ ಮಾರಾಟವಾಯಿತು. ಕಾರು ಕಂಪನಿ 1985ರಲ್ಲಿ ವಿಮಾನ ತಯಾರಿಸುವ ಗಲ್ಫ್‌ಸ್ಟ್ರೀಮ್ ಕೊಂಡುಕೊಂಡಿತು! ಪ್ರಶಸ್ತಿ ಗೆದ್ದ ಸಿಇಒಗಳ ಆ ಅಧ್ಯಯನ ನೆನಪಾಗುತ್ತೆ.

ಅಜ್ಜಿಯ ಕೋಳಿ

ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಗುತ್ತೆ ಅಂದುಕೊಂಡ ಅಜ್ಜಿಯ ಕಥೆ ಎಲ್ಲರಿಗೂ ಗೊತ್ತು. ಷೇರುಪೇಟೆಯಲ್ಲಿ ಇಂಥ ಕೋಳಿಗಳು ಬೇಕಾದಷ್ಟಿವೆ.

ಗೂಗಲ್‌ನಲ್ಲಿ ಹೆಸರು ಮಾಡಿದ್ದ ಮರಿಸ್ಸಾ ಮೇಯರ್ 2012ರ ಜುಲೈನಲ್ಲಿ ಯಾಹೂ ಸಿಇಒ ಆದರು. ಅವರ ಅವಧಿಯಲ್ಲಿ ಷೇರು ಮೂರು ಪಟ್ಟಿಗೂ ಜಾಸ್ತಿಯಾಯಿತು. ಷೇರಿನ ಗ್ರಾಫ್ ಒಂದನ್ನೇ ನೋಡಿದರೆ ಅದ್ಭುತ ಸಾಧನೆ. ಆದರೆ ಯಾಹೂ 2005ರಲ್ಲೇ 100 ಕೋಟಿ ಡಾಲರ್ ಕೊಟ್ಟು ಚೀನಾದ ಅಲಿಬಾಬಾ ಕಂಪನಿಯ ಸುಮಾರು ಶೇ 40 ಪಾಲು ಕೊಂಡಿತ್ತು. ಅಲಿಬಾಬಾ ಬೆಳೆಯಿತು, 2014ರಲ್ಲಿ ಷೇರುಪೇಟೆಗೆ ಬಂತು, ಜೊತೆಗೇ ಯಾಹೂ ಷೇರೂ ಮೇಲೆ ಹೋಯಿತು. ಯಾಹೂವಿನ ಸ್ವಂತ ವ್ಯವಹಾರ 2017ರಲ್ಲಿ ವೆರಿಜಾನ್ ಅನ್ನುವ ಫೋನ್ ಸೇವಾ ಕಂಪನಿಗೆ 448 ಕೋಟಿ ಡಾಲರ್‌ಗೆ ಮಾರಾಟವಾಯಿತು. ಸೂರ್ಯ ಎಲ್ಲಿ ಹುಟ್ಟಿದ್ದ ಅಂತ ಈಗ ಹೇಳಿ.

ಜ್ಯಾಕ್ ವೆಲ್ಚ್ ವಿಷಯ ಇನ್ನೂ ಜಟಿಲ. ಜನರಲ್ ಎಲೆಕ್ಟ್ರಿಕ್‌ನಲ್ಲೇ ಬೆಳೆದು 1981ರಿಂದ 2001ರವರೆಗೆ ಆಳಿದರು. ಮಾರುಕಟ್ಟೆ ಮೌಲ್ಯ ಸುಮಾರು 1,400 ಕೋಟಿ ಡಾಲರ್‌ನಿಂದ 40,000 ಕೋಟಿಯ ಆಚೆ ಹೋಯಿತು. 1999ರಲ್ಲಿ ಫಾರ್ಚೂನ್ ಪತ್ರಿಕೆ ಅವರನ್ನು ಶತಮಾನದ ಮ್ಯಾನೇಜರ್ ಅಂತ ಕರೆಯಿತು. ಅದೇ 20 ವರ್ಷ ಇಡೀ ಅಮೆರಿಕದ ಷೇರುಪೇಟೆಯೇ ಏರುತ್ತಿತ್ತು. ಆ ಏರಿಕೆಯನ್ನು ಕಳೆದರೂ ವೆಲ್ಚ್ ಸಾಧನೆ ದೊಡ್ಡದೇ. ಆದರೆ ಲಾಭದ ಒಂದು ದೊಡ್ಡ ಪಾಲು ಬರುತ್ತಿದ್ದುದು ಬಲ್ಬು, ಎಂಜಿನ್‌ಗಳಿಂದಲ್ಲ, ಕಂಪನಿಯ ಸಾಲ ಕೊಡುವ ವಿಭಾಗದಿಂದ. 2008ರ ಬಿಕ್ಕಟ್ಟು ಹೊಡೆದಿದ್ದು ಅದೇ ವಿಭಾಗಕ್ಕೆ. 2009ರಲ್ಲಿ ಕಂಪನಿ ಲಾಭಾಂಶ ಕಡಿಮೆ ಮಾಡಿತು, 1938ರ ನಂತರ ಮೊದಲ ಸಲ. 2018ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಡೌ ಜೋನ್ಸ್ ಸೂಚ್ಯಂಕದಿಂದ ಹೊರಬಿತ್ತು. 2024ರ ಹೊತ್ತಿಗೆ ಮೂರು ಕಂಪನಿಯಾಗಿ ಒಡೆಯಿತು. ಇದರಲ್ಲಿ ವೆಲ್ಚ್ ಪಾಲೆಷ್ಟು, ಆಮೇಲೆ ಬಂದವರ ಪಾಲೆಷ್ಟು? ಜನ ಇನ್ನೂ ಜಗಳವಾಡುತ್ತಾರೆ. ನನ್ನ ಪ್ರಕಾರ, ಬಾಸ್ ಹೋದ ಹತ್ತು ವರ್ಷದ ಮೇಲೆ ನೋಡುವ ಲೆಕ್ಕವೇ ಸರಿಯಾದ ಲೆಕ್ಕ. ತೊಂದರೆ ಅಂದರೆ ನಾವು ಷೇರು ಕೊಳ್ಳಬೇಕಾಗಿರುವುದು ಇವತ್ತು.

ಸದ್ದಿಲ್ಲದವರು

ಸ್ಟೀವ್ ಜಾಬ್ಸ್ 2011ರ ಆಗಸ್ಟ್ 24ರಂದು ಆಪಲ್ ಸಿಇಒ ಸ್ಥಾನ ಬಿಟ್ಟರು. ಜಗತ್ತಿನಲ್ಲೇ ಅವರಿಗಿಂತ ಹೆಸರುವಾಸಿ ಬಾಸ್ ಇರಲಿಲ್ಲ. ಹಾಗಿದ್ದರೂ ಮಾರನೇ ದಿನ ಷೇರು ಬಿದ್ದಿದ್ದು ಶೇ 1ಕ್ಕಿಂತ ಕಡಿಮೆ. ಯಾಕೆ? ಜಾಬ್ಸ್ ಅನಾರೋಗ್ಯದಿಂದ 2004, 2009, 2011 ಹೀಗೆ ಮೂರು ಸಲ ರಜೆ ಹಾಕಿದ್ದರು. ಮೂರೂ ಸಲ ಕಂಪನಿ ನಡೆಸಿದ್ದು ಟಿಮ್ ಕುಕ್. ಪೇಟೆ ತಾಲೀಮು ನೋಡಿಯಾಗಿತ್ತು. ಆಗ ಸುಮಾರು 35,000 ಕೋಟಿ ಡಾಲರ್ ಇದ್ದ ಆಪಲ್ 2018ರಲ್ಲಿ 1 ಲಕ್ಷ ಕೋಟಿ ಮುಟ್ಟಿತು, 2023ರಲ್ಲಿ 3 ಲಕ್ಷ ಕೋಟಿ ದಾಟಿತು. ಕುಕ್‌ಗೆ ಹೆಸರು ಬಂದಿದ್ದು ಆ ಕೆಲಸದಿಂದ.

ಸತ್ಯ ನಾದೆಲ್ಲಾ ಕೂಡ ಹಾಗೆಯೇ. 1992ರಿಂದ ಮೈಕ್ರೋಸಾಫ್ಟ್‌ನಲ್ಲೇ ಇದ್ದವರು. 2014ರಲ್ಲಿ ಸಿಇಒ ಆದಾಗ ಹೊರಗಿನ ಜನಕ್ಕೆ ಅಷ್ಟಾಗಿ ಪರಿಚಯ ಇರಲಿಲ್ಲ.

ಸದ್ದಿಲ್ಲದ ಬಾಸ್ ಅಂದ ಕೂಡಲೇ ಒಳ್ಳೆಯವರು ಅಂತ ತಿಳಿಯಬೇಡಿ. ಸದ್ದಿಲ್ಲದೇ ಕಂಪನಿ ಮುಳುಗಿಸಿದವರು ಲೆಕ್ಕವಿಲ್ಲದಷ್ಟು ಇದ್ದಾರೆ. ಅವರ ಹೆಸರು ನಮಗೆ ಗೊತ್ತಿಲ್ಲ, ಅಷ್ಟೇ.

ಹಾಗಾದರೆ ಆರಿಸುವುದು ಹೇಗೆ

ಹೊರಗಿಂದ ಬಂದ ಸ್ಟಾರ್ ಮತ್ತು ಒಳಗಿನ ಸದ್ದಿಲ್ಲದವರು, ಇಬ್ಬರೇ ಎದುರಿಗಿದ್ದರೆ ನನ್ನ ದುಡ್ಡು ಎರಡನೆಯವರ ಕಡೆಗೆ. ಕಾರಣ ಬೆಲೆ. ಸ್ಟಾರ್ ಗೆದ್ದರೂ ಆ ಗೆಲುವಿಗೆ ನಾನು ಆಗಲೇ ದುಡ್ಡು ಕೊಟ್ಟಿರುತ್ತೇನೆ, ಸೋತರೆ ನಷ್ಟ ಪೂರ್ತಿ ನನ್ನದು. ಸ್ಟಾರ್ ಕಂಪನಿಯೇ ಬೇಕು ಅಂದರೆ ಸುದ್ದಿಯ ಸದ್ದು ಅಡಗುವವರೆಗೆ ಒಂದೆರಡು ವರದಿ ಕಾಯಿರಿ. ಕಾದಿದ್ದಕ್ಕೆ ಕಳೆದುಕೊಳ್ಳುವುದು ಸಾಮಾನ್ಯವಾಗಿ ಕಡಿಮೆ.

ಕೊಳ್ಳುವ ಮುಂಚೆ ಕಂಪನಿಯನ್ನು ಅದೇ ಉದ್ಯಮದ ಪಕ್ಕದ ಕಂಪನಿ ಜೊತೆ ಇಟ್ಟು ನೋಡಿ. ಎರಡೂ ಏರಿದ್ದರೆ ಅದು ಬೆಳಗು, ಕೋಳಿಯಲ್ಲ. ಲಾಭ ಯಾವ ವಿಭಾಗದಿಂದ ಬಂತು, ಹಿಂದಿನವರು ಕೊಂಡಿಟ್ಟ ಆಸ್ತಿಯಿಂದಲಾ ಅಂತ ನೋಡಿ. ಲಾಭ ಏರುತ್ತಾ ಕೈಗೆ ಬರುವ ನಗದು ಮಾತ್ರ ಏರದಿದ್ದರೆ ಸನ್‌ಬೀಮ್ ಗ್ರಿಲ್ ನೆನಪಿಸಿಕೊಳ್ಳಿ. ಮಂಡಳಿಯಲ್ಲಿ ಬಾಸ್‌ನ ಗೆಳೆಯರೇ ತುಂಬಿದ್ದಾರಾ, ಎರಡನೇ ಸಾಲಿನ ಅಧಿಕಾರಿಗಳು ಸಾಲಾಗಿ ಬಿಟ್ಟು ಹೋಗುತ್ತಿದ್ದಾರಾ, ಅದನ್ನೂ.

ನನ್ನದೇ ಒಂದು ಹುಚ್ಚು ಅಳತೆ ಇದೆ. ಹೂಡಿಕೆದಾರರ ಜೊತೆ ಮೂರು ತಿಂಗಳಿಗೊಮ್ಮೆ ನಡೆಯುವ ಕರೆಯ ಲಿಖಿತ ಪ್ರತಿ ಸಿಗುತ್ತದೆ. ಎಷ್ಟು ಪ್ರಶ್ನೆಗೆ ಬಾಸ್ ಉತ್ತರಿಸಿದರು, ಎಷ್ಟನ್ನು ಬೇರೆಯವರಿಗೆ ಬಿಟ್ಟರು ಅಂತ ಎಣಿಸುತ್ತೇನೆ. ಎಲ್ಲಕ್ಕೂ ಒಬ್ಬರೇ ಉತ್ತರಿಸಿದ್ದರೆ ಆ ಕಂಪನಿಗೆ ತಾಲೀಮು ಆಗಿಲ್ಲ ಅಂತ ಅರ್ಥ.

ಕೆಲಸ ಹುಡುಕುವವರಿಗೆ ಲೆಕ್ಕ ಸ್ವಲ್ಪ ಬೇರೆ. ಸ್ಟಾರ್ ಬಾಸ್ ಕೆಳಗೆ ಎರಡು ಮೂರು ವರ್ಷ ದುಡಿದರೆ ಕಲಿಕೆ ಜೋರಾಗಿರುತ್ತೆ, ಹೆಸರೂ ಬಯೋಡೇಟಾದಲ್ಲಿ ಉಳಿಯುತ್ತೆ. ಹೋಗಿ ಬನ್ನಿ. ಆದರೆ ಸಂಬಳದ ದೊಡ್ಡ ಪಾಲನ್ನು ಷೇರಿನಲ್ಲೇ ಕೊಡುತ್ತೇವೆ ಅಂದರೆ ನಗದು ಎಷ್ಟು ಅಂತ ಎರಡು ಸಲ ಕೇಳಿ. ಸಂದರ್ಶನದ ಕೊನೆಯಲ್ಲಿ ನಿಮ್ಮದೇನಾದರೂ ಪ್ರಶ್ನೆ ಇದೆಯಾ ಅಂತಾರಲ್ಲ, ಆಗ ಹೀಗೆ ಕೇಳಿ: ಬಾಸ್ ಹೇಳಿದ್ದು ತಪ್ಪು ಅಂತ ಇಲ್ಲಿ ಕೊನೆಯ ಸಲ ಹೇಳಿದವರು ಯಾರು, ಅವರು ಈಗ ಯಾವ ಹುದ್ದೆಯಲ್ಲಿದ್ದಾರೆ?